ಜಗಲಿಯಿಂದ ಬೆಟ್ಟಕ್ಕೆ ಐವತ್ತೈದು ಕಿಲೋಮೀಟರ್

ಹನೂರಿನ ಶಾಂತಮೂರ್ತಿಯವರಿಗೆ ಸುಮ್ಮನೆ ತಿರುಗುವ ಚಕ್ರವನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದು ಕಾಯಿಲೆಯಲ್ಲ, ಕಸುಬಿನ ಗುಣ. ಇಪ್ಪತ್ತೆಂಟು ವರ್ಷದಿಂದ ಹಿಟ್ಟಿನ ಮಿಲ್ಲು ನಡೆಸಿಕೊಂಡು ಬಂದ ಮನುಷ್ಯ. ಚಕ್ರ ತಿರುಗಿತೆಂದರೆ ಕೆಳಗೆ ರಾಗಿಹಿಟ್ಟಾದರೂ ಬೀಳಬೇಕು, ಖಾರದ ಪುಡಿಯಾದರೂ ಬೀಳಬೇಕು. ಏನೂ ಬೀಳದೆ ತಿರುಗುವುದು ಅವರ ದೃಷ್ಟಿಯಲ್ಲಿ ಶುದ್ಧ ಸೋಮಾರಿತನ. ಯಾರೂ ಕೂರದ ಜಾಗದಲ್ಲಿ ಫ್ಯಾನು ತಿರುಗುತ್ತಿದ್ದರೆ ಎದ್ದುಹೋಗಿ ಆರಿಸಿ ಬರುತ್ತಿದ್ದರು. ಅದು ಬೇರೆಯವರ ಮನೆಯಾದರೂ ಸರಿ, ಮದುವೆ ಛತ್ರವಾದರೂ ಸರಿ.

ಅಂಥವರಿಗೆ ಕೊಳ್ಳೇಗಾಲದ ಡಾಕ್ಟರು, “ಸಕ್ಕರೆ ಜಾಸ್ತಿಯಾಗಿದೆ, ಮಂಡಿ ಸವೆದಿದೆ. ನಡೆಯೋದು ಬೇಡ, ದಿನಾ ಅರ್ಧ ಗಂಟೆ ವ್ಯಾಯಾಮದ ಸೈಕಲ್ ತುಳೀರಿ” ಎಂದುಬಿಟ್ಟರು. ಕೊಳ್ಳೇಗಾಲದಲ್ಲೇ ಬಾಗಿಲು ಮುಚ್ಚಿದ್ದ ಒಂದು ಜಿಮ್ಮಿನಿಂದ ಹಳೆಯ ಸೈಕಲ್ಲೊಂದು ಗೂಡ್ಸ್ ಆಟೋದಲ್ಲಿ ಹನೂರಿಗೆ ಬಂತು. ಅದರಲ್ಲಿ ಪೆಡಲ್ ಇತ್ತು, ಎಷ್ಟು ಕಿಲೋಮೀಟರ್ ಆಯಿತೆಂದು ತೋರಿಸುವ ಮೀಟರ್ ಇತ್ತು, ತುಳಿತ ಭಾರವಾಗಬೇಕೆಂದರೆ ಬಿಗಿ ಮಾಡುವ ತಿರುಪು ಇತ್ತು. ಮುಂದಕ್ಕೆ ಹೋಗುವುದೊಂದು ಇರಲಿಲ್ಲ. ಬಾಗಿಲಲ್ಲಿ ಹಿಡಿಸಲಿಲ್ಲವಾದ್ದರಿಂದ ಬೀದಿಗೆ ಮುಖ ಮಾಡಿಕೊಂಡು ಜಗಲಿಯ ಮೇಲೆಯೇ ನಿಂತಿತು.

ಮೊದಲ ದಿನ ಹತ್ತು ನಿಮಿಷ ತುಳಿದು ಶಾಂತಮೂರ್ತಿಯವರು ಬಗ್ಗಿ ಕೆಳಗೆ ನೋಡಿದರು. ಏನೂ ಬಿದ್ದಿರಲಿಲ್ಲ.

“ಕೋಮಲ, ಇದು ಏನೂ ಕೆಲ್ಸ ಮಾಡ್ತಾ ಇಲ್ವಲ್ಲ?”

“ನಿಮ್ ಸಕ್ರೆ ಇಳಿಸ್ತಾ ಅದೆ,” ಎಂದರು ಒಳಗೆ ರವಿಕೆ ಹೊಲಿಯುತ್ತಿದ್ದ ಹೆಂಡತಿ.

“ಅದು ಕಣ್ಗೆ ಕಾಣಾಕಿಲ್ವಲ್ಲ!”

ಅಂದೇ ಅವರ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು. ಮಿಲ್ಲಿನ ಮೋಟಾರು ಹತ್ತು ಕುದುರೆಯ ಶಕ್ತಿಯದ್ದು. ಹಾಗಾದರೆ ಒಬ್ಬ ಮನುಷ್ಯ ಎಷ್ಟು ಕುದುರೆ? ತಾವು ಅರ್ಧ ಕುದುರೆಗೆ ಕಡಿಮೆಯಿಲ್ಲವೆಂದು ಅವರಿಗೆ ಒಳಗೊಳಗೇ ನಂಬಿಕೆಯಿತ್ತು. ಆದರೂ ಕೇಳಿ ತಿಳಿದುಕೊಳ್ಳೋಣವೆಂದು, ಮಿಲ್ಲಿನ ಮೋಟಾರು ಸುಟ್ಟಾಗಲೆಲ್ಲ ಸುತ್ತಿಕೊಡುತ್ತಿದ್ದ ಮೆಕ್ಯಾನಿಕ್ ಬಿಳಿಗಿರಿಯ ಬಳಿಗೆ ಹೋದರು.

“ಬಿಳಿಗಿರಿ, ಒಬ್ಬ ಮನ್ಸುನ್ ಒಳ್ಗೆ ಎಷ್ಟು ಕರೆಂಟ್ ಇರ್ತದೆ?”

ಬಿಳಿಗಿರಿ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ. ಇಪ್ಪತ್ತು ವರ್ಷದಲ್ಲಿ ಅವನನ್ನು ಗಿರಾಕಿಗಳು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಕೊಡುತ್ತೀಯ ಎಂದು. ಇದು ಹೊಸದು. “ಗೊತ್ತಿಲ್ಲ ಸಾ. ಬುಚ್ಚಿ ನೋಡಕ್ಕಾಯ್ತದಾ? ತುಳ್ದು ನೋಡೇ ಬುಡವ,” ಎಂದ.

ಗುಜರಿಗೆ ಬಂದಿದ್ದ ಬ್ಯಾಟರಿ ಸ್ಕೂಟರಿನ ಒಂದು ಮೋಟಾರು, ಹತ್ತು ನಿಮಿಷಕ್ಕಿಂತ ಹೆಚ್ಚು ಜೀವ ಹಿಡಿಯದ ಒಂದು ಮುದಿ ಬ್ಯಾಟರಿ, ಒಂದು ಸಣ್ಣ ಇನ್ವರ್ಟರ್ ಡಬ್ಬಿ, ಎಷ್ಟು ವ್ಯಾಟ್ ಬಂತೆಂದು ತೋರಿಸುವ ಮುಳ್ಳಿನ ಮೀಟರ್, ಎಲ್ಲವೂ ಜಗಲಿಗೆ ಬಂದವು. ಆದರೆ ಸೈಕಲ್ಲಿನ ಪುಟ್ಟ ಚಕ್ರದಿಂದ ಮೋಟಾರು ಬೇಕಾದಷ್ಟು ಜೋರಾಗಿ ತಿರುಗಲಿಲ್ಲ. “ಒಂದು ದೊಡ್ಡ ಚಕ್ರ ಬೇಕು ಸಾ, ಬೆಲ್ಟ್ ಸಮೇತ,” ಎಂದ ಬಿಳಿಗಿರಿ.

ಶಾಂತಮೂರ್ತಿಯವರ ಕಣ್ಣು ತಾನಾಗಿಯೇ ಹೆಂಡತಿಯ ಹೊಲಿಗೆ ಮಿಷಿನ್ನಿನ ಕಡೆ ತಿರುಗಿತು. ಮೂರು ವರ್ಷದ ಹಿಂದೆ ಅದಕ್ಕೆ ಮೋಟಾರು ಹಾಕಿಸಿದ ಮೇಲೆ ಕಾಲಲ್ಲಿ ತುಳಿಯುವ ದೊಡ್ಡ ಚಕ್ರ ಕೆಳಗೆ ಸುಮ್ಮನೆ ಬಿದ್ದಿತ್ತು. ಸುಮ್ಮನೆ! ಕೋಮಲ ಅವತ್ತು ಗೃಹಪ್ರವೇಶಕ್ಕೆಂದು ಕೌದಳ್ಳಿಗೆ ಹೋಗಿದ್ದರು. ಅವರು ವಾಪಸಾಗುವಷ್ಟರಲ್ಲಿ ಚಕ್ರ ಸೈಕಲ್ಲಿಗೆ ವೆಲ್ಡ್ ಆಗಿತ್ತು.

ಕೋಮಲ ಬೈಯಲಿಲ್ಲ. ಮಿಷಿನ್ನಿನ ಕೆಳಗಿನ ಖಾಲಿ ಜಾಗವನ್ನೊಮ್ಮೆ ನೋಡಿದರು, ಗಂಡನ ಮುಖ ನೋಡಿದರು, ಸೆರಗು ಸಿಕ್ಕಿಸಿಕೊಂಡು ಸೈಕಲ್ ಹತ್ತಿ ಕೂತು ರಪರಪನೆ ತುಳಿದರು. ಮುಳ್ಳು ತೊಂಬತ್ತೈದಕ್ಕೆ ಹಾರಿತು.

“ಸಿಟ್ಗೂ ಕರೆಂಟ್ ಅದೆ ಸಾ,” ಎಂದು ಬಿಳಿಗಿರಿ ಪಿಸುಗುಟ್ಟಿದ.

ಆಮೇಲೆ ಶಾಂತಮೂರ್ತಿಯವರು ಹತ್ತಿ ಜೀವ ಬಿಟ್ಟು ತುಳಿದರು. ಅರವತ್ತು. ಒಂದು ಕುದುರೆಗೆ ಏಳುನೂರ ನಲವತ್ತಾರು ವ್ಯಾಟ್ ಎಂಬುದು ಬಿಳಿಗಿರಿಗೆ ಬಾಯಿಪಾಠವಾಗಿತ್ತು. “ಅಂದ್ರೆ ನಾನು ಕುದ್ರೆದು ಒಂದು ಕಾಲಾದ್ರೂ ಆದ್ನಾ?” ಎಂದು ಕೇಳಿದರು.

“ಇಲ್ಲ ಸಾ. ಮಂಡಿಯಿಂದ ಕೆಳ್ಕೆ.”

ಸ್ವಲ್ಪ ಬೇಜಾರಾಯಿತು, ನಿಜ. ಆದರೆ ಒಂಬತ್ತು ವ್ಯಾಟಿನ ಬಲ್ಬು ತಮ್ಮ ಕಾಲಿನಿಂದ ಹೊತ್ತಿಕೊಂಡಾಗ ಶಾಂತಮೂರ್ತಿಯವರಿಗಾದ ಸಂತೋಷ ಅಷ್ಟಿಷ್ಟಲ್ಲ. ಇಪ್ಪತ್ತೆಂಟು ವರ್ಷ ಕರೆಂಟಿಗಾಗಿ ಕಾದು ಕೂತಿದ್ದ ಮನುಷ್ಯ, ಇವತ್ತು ಅದನ್ನು ತಾನೇ ತಯಾರಿಸಿದ್ದ. ಕೂಡಲೇ ಯಳಂದೂರಿನಲ್ಲಿ ಆಲೆಮನೆ ನಡೆಸುವ ಕೋಮಲ ಅವರ ಅಣ್ಣ ಪುಟ್ಟಮಲ್ಲಪ್ಪನಿಗೆ ಫೋನು ಮಾಡಿ, “ಭಾವ, ಇನ್ಮೇಲೆ ನಮ್ ಮನೆ ಪೂರ್ತಿ ನನ್ ಕಾಲ್ ಮೇಲೇ ನಡ್ಯೋದು,” ಎಂದರು. ಪುಟ್ಟಮಲ್ಲಪ್ಪ ತಂಗಿಗೆ ಫೋನು ಕೊಡಲು ಹೇಳಿ, “ಜ್ವರ ಗಿರ ಬಂದದಾ ನೋಡವ್ವ,” ಎಂದ.

ಇಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಮರುದಿನ ಬೆಳಗ್ಗೆ ಪಕ್ಕದ ಮನೆಯ ವೀರಮ್ಮ ಊರುಗೋಲು ಹಿಡಿದು ಜಗಲಿಯ ಮುಂದೆ ಬಂದು ನಿಂತರು. ಎಪ್ಪತ್ತೆಂಟರ ಮುದುಕಿ. ಮೂವತ್ತು ವರ್ಷ, ಒಂದು ಶಿವರಾತ್ರಿಯನ್ನೂ ತಪ್ಪಿಸದೆ ಐವತ್ತೈದು ಕಿಲೋಮೀಟರ್ ದೂರದ ಮಲೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದವರು. ಮಂಡಿ ಕೈಕೊಟ್ಟು ಒಂಬತ್ತು ವರ್ಷವಾಗಿತ್ತು. ಬಸ್ಸಿನಲ್ಲಿ ಹೋಗೋಣ ಬಾ ಎಂದರೆ, “ಬಸ್ಸು ಓಯ್ತದೆ, ನಾನೆಲ್ಲಿ ಓದಂಗಾಯ್ತದೆ?” ಎಂದು ಹೊರಡುತ್ತಲೇ ಇರಲಿಲ್ಲ.

ಅವರ ಕಣ್ಣಿಗೆ ಕಂಡದ್ದು ಇಷ್ಟು. ಶಾಂತಮೂರ್ತಿಯ ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಟವೆಲು, ಕಾಲಲ್ಲಿ ಚಪ್ಪಲಿಯಿಲ್ಲ. ವಿಭೂತಿ ದಿನಾ ಇರುತ್ತಿತ್ತು, ಟವೆಲು ಬೆವರಿಗೆ, ಚಪ್ಪಲಿ ಹಾಕಿದರೆ ಪೆಡಲಿನ ಮೇಲೆ ಜಾರುತ್ತಿತ್ತು. ಆದರೆ ಇದನ್ನೆಲ್ಲ ಯಾರು ವಿಚಾರಿಸುತ್ತಾರೆ?

“ಮೂರ್ತಿ, ಎಲ್ಲಿಗಪ್ಪಾ ಇಷ್ಟೊತ್ಗೇ?”

ಉಸಿರು ಸಾಲದ ಶಾಂತಮೂರ್ತಿಯವರು ತಮಾಷೆಗೆಂದು ಒಂದೇ ಮಾತು ಹೇಳಿದರು: “ಬೆಟ್ಟುಕ್ಕೆ ಕಣ್ ದೊಡ್ಡವ್ವ.”

ಆ ಸೀಮೆಯಲ್ಲಿ ಬೆಟ್ಟವೆಂದರೆ ಒಂದೇ ಬೆಟ್ಟ. ವೀರಮ್ಮ ನಗಲಿಲ್ಲ. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಮೀಟರನ್ನು ಮುಟ್ಟಿ, “ಮಂಡಿ ಓದೋರು ಇಂಗೂ ಓಗ್ಬೌದಾ ಮಗ?” ಎಂದು ಕೇಳಿದರು. ಮುದುಕಿ ಕೇಳಿದ ರೀತಿಗೆ ಇಲ್ಲವೆನ್ನಲು ಶಾಂತಮೂರ್ತಿಯವರಿಗೆ ಬಾಯಿ ಬರಲಿಲ್ಲ. “ಓಗ್ಬೌದಂತೆ,” ಎಂದುಬಿಟ್ಟರು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಮಿಲ್ಲಿನ ಶಾಂತಮೂರ್ತಿ ಹರಕೆ ಹೊತ್ತಿದ್ದಾನೆ, ಮಂಡಿ ಆಗದು ಎಂದು ಕೂತಲ್ಲೇ ಬೆಟ್ಟಕ್ಕೆ ಹೋಗುತ್ತಿದ್ದಾನೆ. ಮರುದಿನದಿಂದ ಜಗಲಿಯ ಮುಂದೆ ಹಾದುಹೋಗುವವರು ಚಪ್ಪಲಿ ಕೈಗೆತ್ತಿಕೊಳ್ಳತೊಡಗಿದರು. ದಿನಸಿ ಅಂಗಡಿಯವನು “ಚೆನ್ನಾಗಿದ್ದೀರಾ ಸಾ” ಎಂದು ಕೇಳುವುದನ್ನು ಬಿಟ್ಟು “ಇವತ್ತು ಎಲ್ಗಂಟ ಓದ್ರಿ ಸಾ” ಎಂದು ಕೇಳುತ್ತಿದ್ದ. ಮೀಟರ್ ಹಿಂದಿನ ದಿನ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಹನ್ನೊಂದು ಕಿಲೋಮೀಟರ್ ಎಂದರೆ ಅದು ಯಾವ ಹಳ್ಳದ ಹತ್ತಿರ, ಯಾವ ಮರದ ಕೆಳಗೆ ಎಂದು ವಾದ ಹುಟ್ಟುತ್ತಿತ್ತು. ದಿನಾ ರಾತ್ರಿ ನಾಳೆ ನಿಜ ಹೇಳಿಬಿಡೋಣವೆಂದು ಶಾಂತಮೂರ್ತಿಯವರು ಅಂದುಕೊಳ್ಳುತ್ತಿದ್ದರು. ದಿನಾ ಬೆಳಗ್ಗೆ ವೀರಮ್ಮ ಒಂದು ಚೊಂಬು ಮಜ್ಜಿಗೆ ತಂದು ಸೈಕಲ್ಲಿನ ಪಕ್ಕ ಇಡುತ್ತಿದ್ದರು. ಅದನ್ನು ಕುಡಿದು ಶಾಂತಮೂರ್ತಿಯವರು ಮತ್ತೆ ಪೆಡಲ್ ತುಳಿಯುತ್ತಿದ್ದರು.

ಹೀಗಿರುವಾಗ, ಸೋಮವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಲೈನ್ ಕೆಲಸ, ಕರೆಂಟ್ ಇರುವುದಿಲ್ಲವೆಂದು ಪ್ರಕಟಣೆ ಬಂತು. ಕೋಮಲ ತಲೆಗೆ ಕೈಹೊತ್ತು ಕೂತರು. ಕೌದಳ್ಳಿಯ ಒಂದು ಮದುವೆಯ ಮನೆಯಿಂದ ಹದಿನಾಲ್ಕು ರವಿಕೆ ಬಂದಿದ್ದವು. ಸೋಮವಾರ ಸಂಜೆ ಐದರ ಬಸ್ಸಿಗೆ ಹುಡುಗಿಯ ತಾಯಿ ಬಂದು ತೆಗೆದುಕೊಂಡು ಹೋಗಬೇಕು.

“ಮೊದುಲ್ನೇ ಸಲ ಕೌದಳ್ಳಿಯೋರು ನಂಬಿ ಕೊಟ್ಟವ್ರೆ. ಒಂದು ರವ್ಕೆ ಉಳುದ್ರೂ ಇನ್ ಆ ಕಡೆಯಿಂದ ಒಬ್ರೂ ನನ್ತಾವ ಬರಾಕಿಲ್ಲ. ಕಾಲಲ್ ತುಳ್ಯವ ಅಂದ್ರೆ ಚಕ್ರ ನೀವು ಕಿತ್ಕಂಡ್ರಿ. ನಾನು ಮಿಷಿನ್ ತಕಂಡು ಕೊಳ್ಳೇಗಾಲುಕ್ಕೆ ನಮ್ಮ ಚಿಕ್ಕಮ್ಮನ ಮನೆಗೆ ಓಯ್ತೀನಿ.”

“ಓಗ್ಬ್ಯಾಡ. ಕರೆಂಟ್ ನಾನ್ ಕೊಡ್ತೀನಿ. ನಾನಿಲ್ವಾ?”

“ನೀವಿರೋದೇ ನಂಗೆ ಭಯ,” ಎಂದರು ಕೋಮಲ. ಆದರೆ ಗಂಡನ ಮುಖದಲ್ಲಿದ್ದ ಆಸೆ ನೋಡಿ ಚೀಲ ಕೆಳಗಿಟ್ಟರು. ಅವರಿಗೂ ಒಳಗೊಳಗೇ ಕುತೂಹಲ, ಈ ಮಾರಾಯರ ಕಾಲಲ್ಲಿ ರವಿಕೆ ಹೊಲಿಯುವಷ್ಟು ಕರೆಂಟಿದೆಯೋ ಇಲ್ಲವೋ ಎಂದು.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಶಾಂತಮೂರ್ತಿಯವರು ಮಾದಪ್ಪನನ್ನು ನೆನೆದು, ಜೊತೆಗೆ ಸ್ವಲ್ಪ ಕ್ಷಮೆಯನ್ನೂ ಕೇಳಿ, ತುಳಿಯತೊಡಗಿದರು. ಒಳಗೆ ಮಿಷಿನ್ನು ಟಕಟಕ ಎಂದಿತು. ಅರ್ಧ ಗಂಟೆಗೆ ಒಂದು ತೋಳು ಮುಗಿಯಿತು. ಮುಕ್ಕಾಲು ಗಂಟೆಗೆ ಶಾಂತಮೂರ್ತಿಯವರು ಮುಗಿದರು. ಡಬ್ಬಿ ಕುಂಯ್ ಎಂದಿತು, ಸೂಜಿ ಬಟ್ಟೆಯೊಳಗೇ ನಿಂತಿತು. ಉಳಿದದ್ದು ಹದಿಮೂರೂವರೆ ರವಿಕೆ.

ಅವರು ಹ್ಯಾಂಡಲ್ಲಿನ ಮೇಲೆ ಒರಗಿದ್ದನ್ನು ಕಂಡು ವೀರಮ್ಮ ಬೀದಿಗೆ ಕೇಳುವಂತೆ ಕೂಗಿದರು: “ಅಯ್ಯೋ, ಕೌದಳ್ಳಿ ಗಡೀಲಿ ಕುಸ್ದೋದ ಕಣ್ರಪ್ಪೋ! ದಾರೀಲಿ ಬಿದ್ದೋರ್ನ ಬುಟ್ಬುಟ್ಟು ಓದಾರಾ? ಯಾರಾದ್ರೂ ಎಗಲ್ ಕೊಡ್ರೋ!”

ಬೆಟ್ಟದ ದಾರಿಯಲ್ಲಿ ಸುಸ್ತಾದವರ ಗಂಟನ್ನು ಇನ್ನೊಬ್ಬರು ಹೊರುವುದು ಅಲ್ಲಿಯ ವಾಡಿಕೆ. ಅವತ್ತು ಕರೆಂಟಿಲ್ಲದೆ, ಮನೆಗೆ ಅಂಟಿಕೊಂಡೇ ಇದ್ದ ಮಿಲ್ಲಿನ ಮುಂದೆ ರಾಗಿ ಮೂಟೆ ಇಟ್ಟುಕೊಂಡು ಕಾಯುತ್ತಿದ್ದವರೇ ಹತ್ತು ಮಂದಿ. ಮೊದಲು ಬಂದವನು ಲೊಕ್ಕನಹಳ್ಳಿಯ ದೊಡ್ಡಮಾದಪ್ಪ, ಹೆಸರಿಗೆ ತಕ್ಕ ಭಕ್ತ, ಹೆಸರಿಗೆ ತಕ್ಕ ಗಾತ್ರ. ಚಪ್ಪಲಿ ಬಿಟ್ಟು, ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ಉಘೇ ಮಾದಪ್ಪಾ!” ಎಂದು ಹತ್ತಿ ಕೂತ. ಮುಳ್ಳು ನೂರ ಇಪ್ಪತ್ತಕ್ಕೆ ಹೋಯಿತು. ಒಳಗೆ ಮಿಷಿನ್ನು ಹುಚ್ಚೆದ್ದು ಓಡಿತು.

ಅಲ್ಲಿಂದ ಸಾಲು ಶುರುವಾಯಿತು. ಒಬ್ಬೊಬ್ಬರು ಒಂದೊಂದು ಕಿಲೋಮೀಟರ್. ಇಳಿಯುವವರು ನಮಸ್ಕಾರ ಮಾಡಿ ಇಳಿಯಬೇಕು, ಹತ್ತುವವರು ಪ್ರದಕ್ಷಿಣೆ ಬಂದು ಹತ್ತಬೇಕು, ನಡುವೆ ನಿಮಿಷಗಟ್ಟಲೆ ಮುದಿ ಬ್ಯಾಟರಿ ಹೇಗೋ ಜೀವ ಹಿಡಿದುಕೊಂಡಿರಬೇಕು. ಇಪ್ಪತ್ತು ದಾಟಿದಾಗ ಕೌದಳ್ಳಿ ಬಂತೆಂದು ಪಾನಕ ಹಂಚಿದರು. ಎಲ್ಲರಿಗೂ ತಮ್ಮ ಮುಳ್ಳು ಎಷ್ಟಕ್ಕೆ ಬಂತೆಂದು ತಿಳಿಯುವ ಆಸೆ. ಸೊಸೆ ಎಂಬತ್ತು, ಮಗ ಎಪ್ಪತ್ತು ಬಂದದ್ದಕ್ಕೆ ಒಂದು ಮನೆಯಲ್ಲಿ ಅತ್ತೆ ಊಟ ಬಿಟ್ಟರು.

ಹನ್ನೊಂದೂವರೆಗೆ ಲೈನ್‌ಮ್ಯಾನ್ ಶಂಕರ್ ಬೆವರಿಕೊಂಡು ಓಡಿಬಂದ. ಸೊಂಟದ ಹಗ್ಗ ಬಿಚ್ಚಿರಲಿಲ್ಲ. “ಈ ಮನೇಲಿ ಎಂಗೆ ಕರೆಂಟ್ ಇರೋದು? ನಾನು ಕಂಬುದ್ ಮೇಲಿವ್ನಿ, ಕೆಳ್ಗೆ ಯಾರೋ ಶಾಂತಮೂರ್ತಿ ಮನೇಲಿ ಮಿಷಿನ್ ಓಡ್ತಾ ಅದೆ ಅಂತವ್ರೆ! ಆ ಕರೆಂಟ್ ಲೈನ್ಗೆ ವಾಪಸ್ ಬಂದ್ರೆ ನನ್ ಕತೆ ಏನ್ ಸಾ?”

ಅವನ ಭಯ ನ್ಯಾಯವಾದದ್ದೇ. ಶಾಂತಮೂರ್ತಿಯವರು ಒಳಗೆ ಕರೆದೊಯ್ದು, ಮನೆಯ ವೈರಿಂಗಿಗೂ ಇದಕ್ಕೂ ಸಂಬಂಧವೇ ಇಲ್ಲ, ಒಂದು ವೈರು ನೇರ ಮಿಷಿನ್ನಿಗೆ ಬಂದಿದೆ ಎಂದು ತೋರಿಸಿದರು. ಶಂಕರ್ ಮೇನ್ ಸ್ವಿಚ್ಚಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಉಸಿರುಬಿಟ್ಟ. ಹೊರಡಬೇಕಾದವನು ಹೊರಡಲಿಲ್ಲ. ಸೈಕಲ್ಲನ್ನೇ ನೋಡುತ್ತ ನಿಂತು, “ಒಂದ್ಸಲ ಕೂರ್ಲಾ ಸಾ?” ಎಂದ. ಎರಡು ನಿಮಿಷ ತುಳಿದ. ಹದಿನೈದು ವರ್ಷದಿಂದ ಕಂಬ ಹತ್ತುತ್ತಿದ್ದವನ ಮುಖದಲ್ಲಿ ಇದೇ ಮೊದಲ ಸಲ ಕರೆಂಟನ್ನು ಕಂಡವನ ಆಶ್ಚರ್ಯವಿತ್ತು. “ಇಷ್ಟೊಂದ್ ಭಾರನಾ ಸಾ ಇದು? ನಾವು ಸುಮ್ನೆ ಸ್ವಿಚ್ ಒತ್ಬುಡ್ತೀವಲ್ಲ!”

ಮೂರೂವರೆ ಹೊತ್ತಿಗೆ ಹತ್ತು ರವಿಕೆ ಮುಗಿದಿದ್ದವು, ನಾಲ್ಕು ಉಳಿದಿದ್ದವು. ಸೈಕಲ್ಲಿನ ಮೀಟರ್ ನಲವತ್ತರ ಹತ್ತಿರ ಬಂತು. ವೀರಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದರು. “ತಾಳಬೆಟ್ಟ ಬಂತು! ಇನ್ನು ಘಾಟಿ. ತಿರುಪು ಬಿಗಿ ಮಾಡ್ರೋ!”

ಎರಡನೇ ಸುತ್ತಿಗೆ ಹತ್ತಿದ್ದ ದೊಡ್ಡಮಾದಪ್ಪ ತಿರುಪನ್ನು ಮೂರು ಸುತ್ತು ಬಿಗಿದ. ಬ್ರೇಕಿನ ಪಟ್ಟಿ ಚಕ್ರವನ್ನು ಕಚ್ಚಿ ಹಿಡಿಯಿತು. ಟಕಟಕ ಎನ್ನುತ್ತಿದ್ದ ಮಿಷಿನ್ನು ಟಕ್... ಟಕ್... ಎಂದು ಉಸಿರೆಳೆಯಿತು. ಡಬ್ಬಿ ಕುಂಯ್ ಎಂದಿತು.

“ರೀ! ಸೂಜಿ ನಿಂತೋಯ್ತು!”

ಶಾಂತಮೂರ್ತಿಯವರು ಓಡಿಬಂದು ತಿರುಪು ಸಡಿಲಿಸಿದರು. ದೊಡ್ಡಮಾದಪ್ಪ ಮತ್ತೆ ಬಿಗಿದ. ಇವರು ಸಡಿಲಿಸಿದರು. ಅವನು ಬಿಗಿದ. “ಏನ್ ಸಾ ನೀವು? ಘಾಟೀನ ಬಯ್ಲಂಗೆ ತುಳ್ಯದಾ? ಮಾದಪ್ಪುಂಗೇ ಮೋಸನಾ?”

“ಮೋಸ ಅಂದ್ರೆ ಮೋಸನೇ!” ಎಂದು ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು.

ಹರಕೆಯೂ ಇಲ್ಲ ಬೆಟ್ಟವೂ ಇಲ್ಲ ಎಂದು ಬಾಯಿಬಿಟ್ಟರೆ ಎಲ್ಲರೂ ಇಳಿದು ಹೋಗುತ್ತಾರೆ, ನಾಲ್ಕು ರವಿಕೆ ಉಳಿಯುತ್ತವೆ. ಬಾಯಿಬಿಡದಿದ್ದರೆ ತಿರುಪು ಬಿಗಿಯಾಗುತ್ತದೆ, ಆಗಲೂ ನಾಲ್ಕೇ ಉಳಿಯುತ್ತವೆ. ಬಾಗಿಲಲ್ಲಿ ಕೋಮಲ ನಿಂತಿದ್ದರು, ಕೈಯಲ್ಲಿ ಅರ್ಧ ಹೊಲಿದ ರವಿಕೆ. ಗೋಡೆಯ ಗಡಿಯಾರ ನೋಡಿ ಗಂಡನ ಮುಖ ನೋಡಿದರು. ಶಾಂತಮೂರ್ತಿಯವರಿಗೆ ಅದನ್ನೇ ತಡೆಯಲಾಗಲಿಲ್ಲ. ನಿಜ ಹೇಳಿಯೇಬಿಡೋಣವೆಂದು ಗಂಟಲು ಸರಿಮಾಡಿಕೊಂಡರು.

ಆಗ ಅವರ ಕಣ್ಣು ರಾಗಿ ಮೂಟೆಗಳ ಮೇಲೆ ಬಿತ್ತು. ಮಿಲ್ಲಿನ ಬಾಯಿಗೆ ರಾಗಿ ಸುರಿದ ಕೂಡಲೇ ಮೋಟಾರು ನರಳುತ್ತದೆ, ರಾಗಿ ಮುಗಿದ ಕೂಡಲೇ ಹಗುರವಾಗಿ ಹಾಡುತ್ತದೆ. ಇಪ್ಪತ್ತೆಂಟು ವರ್ಷ ಆ ಶಬ್ದ ಕೇಳಿದವರು. ಇವತ್ತಿನ ರಾಗಿ ಯಾವುದು?

“ದೊಡ್ಡಮಾದಪ್ಪ, ತಿರುಪು ಪೂರ್ತಿ ಬುಟ್ಬುಟ್ಟು ತುಳಿ. ಎಂಗದೆ?”

“ಅಗೂರ್ವಾಗದೆ ಸಾ. ಅದ್ಕೇ ಏಳ್ತಿರೋದು.”

“ಕೋಮಲ, ಒಳಿಕ್ ಓಗಿ ಒಲಿ!”

ಟಕಟಕ ಶುರುವಾಯಿತು. ದೊಡ್ಡಮಾದಪ್ಪನ ಹುಬ್ಬು ಮೇಲೇರಿತು. “ಸಾ... ಭಾರ ಆಯ್ತು.”

“ಕೋಮಲ, ನಿಲ್ಸು!”

“ಅಗೂರಾಯ್ತು ಸಾ!”

“ಒಲಿ!”

“ಭಾರ ಸಾ! ಇದ್ಯಾರ್ ಬಿಗಿ ಮಾಡಿದ್ದು? ತಿರುಪ್ನ ಯಾರೂ ಮುಟ್ಟೇ ಇಲ್ವಲ್ಲ!”

ಬೆಳಗ್ಗಿನಿಂದ ಪ್ರತಿಯೊಬ್ಬರ ಕಾಲಿಗೂ ಗೊತ್ತಾಗಿದ್ದ ಸಂಗತಿ ಈಗ ತಲೆಗೆ ಹತ್ತಿತು. “ಘಾಟಿ ಇರೋದು ತಿರುಪ್ನಲ್ಲಲ್ಲ ಕಣ್ರಪ್ಪಾ,” ಎಂದರು ಶಾಂತಮೂರ್ತಿಯವರು. “ಒಳ್ಗಡೆ ರವ್ಕೇಲಿ ಅದೆ. ಅವ್ಳು ಒಲ್ದಷ್ಟೂ ನಮ್ಗೆ ಏರು.”

ಆಮೇಲೆ ತಿರುಪನ್ನು ಯಾರೂ ಮುಟ್ಟಲಿಲ್ಲ. ಕಷ್ಟ ಬಂದದ್ದು ಕೋಮಲ ಅವರಿಗೆ. ದಾರ ಪೋಣಿಸಲು ಅರೆ ನಿಮಿಷ ನಿಂತರೂ ಹೊರಗಿನಿಂದ ಗದ್ದಲ: “ನಿಲ್ಲುಸ್ಬ್ಯಾಡ ಕಣವ್ವ, ಇಳ್ಜಾರ್ ಆಗೋಯ್ತದೆ!”

ಐದಕ್ಕೆ ಹತ್ತು ನಿಮಿಷವಿರುವಾಗ ಹದಿನಾಲ್ಕನೆಯ ರವಿಕೆಯ ಕೊನೆಯ ಹೊಲಿಗೆ ಬಿತ್ತು. ಕೋಮಲ ಅದನ್ನು ಬಾಗಿಲಿಗೆ ತಂದು ಗಂಡನಿಗೆ ತೋರಿಸಿದರು. ಇಬ್ಬರಿಗೂ ನಗು ಬಂತು. ಮೀಟರಿನಲ್ಲಿ ಇನ್ನೊಂದೇ ಕಿಲೋಮೀಟರ್ ಉಳಿದಿತ್ತು. ವೀರಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ, “ನನ್ನ ಅತ್ಸಿ,” ಎಂದರು.

ದೊಡ್ಡಮಾದಪ್ಪ ಅವರನ್ನು ಎತ್ತಿ ಕೂರಿಸಿದ. ಹೊಲಿಗೆ ಮುಗಿದಿತ್ತು, ಇಳಿಜಾರಿನಲ್ಲಿ ದೇವರ ಬಳಿ ಹೋಗುವುದು ಸರಿಯಲ್ಲ. ಬಿಳಿಗಿರಿ ಆ ಒಂಬತ್ತು ವ್ಯಾಟಿನ ಬಲ್ಬನ್ನು ಸಿಕ್ಕಿಸಿದ. ಮುದುಕಿಯ ಬರಿಗಾಲು ಒಂದು ಸುತ್ತು, ಎರಡು ಸುತ್ತು, ನಿಧಾನವಾಗಿ ತಿರುಗಿತು. ಮುಳ್ಳು ಹನ್ನೊಂದಕ್ಕೆ ಬಂದು ನಿಂತಿತು. ಬಲ್ಬು ಹತ್ತಿಕೊಂಡಿತು. ಐವತ್ತೈದು ತುಂಬಿದಾಗ ವೀರಮ್ಮ ಕೈ ಮುಗಿದರು, ಬೀದಿಯೆಲ್ಲ “ಉಘೇ” ಎಂದಿತು, ಯಾರೋ ಸೈಕಲ್ಲಿನ ಮುಂದೆ ತೆಂಗಿನಕಾಯಿ ಒಡೆದರು. ಆ ಗದ್ದಲದಲ್ಲಿ ಎದುರುಮನೆಗಳಿಗೆ ಕರೆಂಟು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಅದೇ ಹೊತ್ತಿಗೆ, ತಂಗಿಯ ಗಂಡನ ಜ್ವರ ನೋಡಲು ಯಳಂದೂರಿನಿಂದ ಬಂದಿದ್ದ ಪುಟ್ಟಮಲ್ಲಪ್ಪ ಗುಂಪು ಸೀಳಿಕೊಂಡು ಜಗಲಿ ಹತ್ತಿದ. ಆಲೆಮನೆಯ ಮನುಷ್ಯ, ಗಾಣ ನೋಡಿ ಪಳಗಿದ ಕಣ್ಣು. ಚಕ್ರದಿಂದ ಬೆಲ್ಟು, ಬೆಲ್ಟಿನಿಂದ ಮೋಟಾರು, ಮೋಟಾರಿನಿಂದ ಬ್ಯಾಟರಿ, ಬ್ಯಾಟರಿಯಿಂದ ಡಬ್ಬಿ, ಡಬ್ಬಿಯಿಂದ ವೈರು, ವೈರಿನ ಹಿಂದೆ ಒಳಗೆ ಹೋಗಿ ಮಿಷಿನ್ನಿನ ಮೋಟಾರನ್ನು ನೋಡಿ ಹೊರಗೆ ಬಂದ.

“ಈ ಚಕ್ರ ಕೋಮಲನ ಮಿಷಿನ್ದಲ್ವಾ?”

“ಊಂ ಭಾವ.”

“ಬೆಲ್ಟೂ ಅದ್ರುದೇ?”

“ಅದ್ರುದೇ.”

“ಅಲ್ಲ ಕಣಪ್ಪಾ, ಆ ಮಿಷಿನ್ನ ಎತ್ತಿ ತಂದು ಇಲ್ಲೇ ಸೈಕಲ್ ಪಕ್ಕ ಮಡುಗಿ, ಈ ಬೆಲ್ಟ ನೇರವಾಗಿ ಅದ್ಕೇ ಆಕಿದ್ರೆ? ಮೋಟ್ರೂ ಬ್ಯಾಡ, ಬ್ಯಾಟ್ರಿನೂ ಬ್ಯಾಡ, ಡಬ್ಬಿನೂ ಬ್ಯಾಡ. ನೀನೊಬ್ನೇ ತುಳ್ದಿದ್ರೂ ಮದ್ಯಾನ್ನುಕ್ಕೆ ಮುಗ್ದೋಯ್ತಿತ್ತಲ್ಲಪ್ಪಾ!”

ಬಿಳಿಗಿರಿ ಒಂದು ವೈರನ್ನು ತುಂಬ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಲೈನ್ ಕೆಲಸ ಮುಗಿಸಿ ಮತ್ತೆ ಬಂದು ನಿಂತಿದ್ದ ಶಂಕರ್ ಜೇಬಿನಲ್ಲಿದ್ದ ಫ್ಯೂಸನ್ನು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಶಾಂತಮೂರ್ತಿಯವರು ಆ ಚಕ್ರವನ್ನೇ ನೋಡಿದರು. ಇಡೀ ದಿನ, ಇಪ್ಪತ್ತು ಜನರ ಕಾಲು, ಎಷ್ಟೊಂದು ಸುಮ್ಮನೆ ತಿರುಗಿಬಿಟ್ಟಿತಲ್ಲ ಎಂದು ಅವರಿಗೆ ಅಳುವೇ ಬಂತು.

ಸೈಕಲ್ಲಿನ ಮೇಲಿಂದ ಇನ್ನೂ ಇಳಿದಿರದ ವೀರಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಪುಟ್ಟಮಲ್ಲಪ್ಪನ ಕಡೆ ತಿರುಗಿದರು.

“ರವ್ಕೆ ಮದ್ಯಾನ್ನುಕ್ಕೇ ಆಗೋಯ್ತಿತ್ತು ಕಣಪ್ಪಾ, ನೀನೇಳದು ಸರಿ,” ಎಂದರು. “ನನ್ನ ಬೆಟ್ಟುಕ್ಕೆ ಯಾರ್ ಕರ್ಕಂಡೋಗ್ತಿದ್ರು?”